ಸೆಟ್ ಮಾಮನ ಓರೆ ಹಲ್ಲು

ಇಂಗ್ಲಿಷಿನವರಿಗೆ ಮಾತಿನ ಬಡತನವೋ ಜಿಪುಣತನವೋ ಗೊತ್ತಿಲ್ಲ, ಒಂದು ಪುಟ್ಟ ಮಾತು ಕೈಗೆ ಸಿಕ್ಕರೆ ಅದರ ಬೆನ್ನು ಮುರಿಯುವಷ್ಟು ದುಡಿಸಿಕೊಳ್ಳುತ್ತಾರೆ. 'ಸೆಟ್' ಎನ್ನುವ ಮಾತನ್ನೇ ನೋಡಿ. ಒಂದೇ ಹೂವಿನ ಚಿತ್ರವಿರುವ ಕಪ್ಪು-ಬಸಿಗಳು ಸೇರಿದರೆ ಸೆಟ್. ಹಾಡು ಹೇಳುವ ಪೆಟ್ಟಿಗೆ ರೇಡಿಯೋ ಸೆಟ್. ಸಿಮೆಂಟು ಗಟ್ಟಿಯಾದರೆ ಸೆಟ್ ಆಯಿತು, ಅಲಾರಾಮಿನ ಮುಳ್ಳು ತಿರುಗಿಸಿದರೆ ಸೆಟ್ ಮಾಡಿದ ಹಾಗೆ, ನಾಟಕದವರು ರಟ್ಟಿನ ಅರಮನೆ ನಿಲ್ಲಿಸಿದರೆ ಅದೂ ಸೆಟ್ಟೇ. ನಾವೇನು ಕಡಿಮೆ? ನಮ್ಮ ಬಾಯಿಗೆ ಬಂದ ಮೇಲೆ ಅದಕ್ಕೆ ಇನ್ನೂ ನಾಲ್ಕು ಕೆಲಸ ಹೆಚ್ಚಿಗೆ ಹಚ್ಚಿದೆವು. ಹೊಸ ಚಪ್ಪಲಿ ಕಾಲಿಗೆ ಸೆಟ್ ಆಗುತ್ತದೆ, ಹುಡುಗ ಹುಡುಗಿಗೆ ಸೆಟ್ ಆಗುತ್ತಾನೆ, ಹೊಸದಾಗಿ ಬಂದ ಮೇಲಧಿಕಾರಿಯ ಜೊತೆ ಯಾರಿಗೂ ಸೆಟ್ ಆಗುವುದಿಲ್ಲ.

ಈ ಮಾತನ್ನೇ ಹೆಸರಾಗಿ ಹೊತ್ತುಕೊಂಡು ಬಾಳಿದವನು ಒಬ್ಬನಿದ್ದಾನೆ. ಬೀದಿಯ ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಅವನು ಸೆಟ್ ಮಾಮ. ಹಲ್ಲು ಬಿದ್ದವರು ಕಟ್ಟಿಸಿಕೊಳ್ಳುವ ಹಲ್ಲುಸೆಟ್ಟು ಇದೆಯಲ್ಲ, ಅದನ್ನು ಮಾಡುವುದು ಅವನ ಕಸುಬು. ರೇಡಿಯೋ ರಿಪೇರಿ ಅಂಗಡಿಯ ಮೇಲೆ ಒಂದೇ ಒಂದು ಕೋಣೆ. ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಸ್ಪಿರಿಟ್ ದೀಪ, ಮೇಣ ಕೆರೆಯುವ ಚಾಕುಗಳು, ತೆರೆದು ಮುಚ್ಚುವ ದವಡೆಯಂಥ ಒಂದು ಹಿತ್ತಾಳೆ ಯಂತ್ರ. ಹಲ್ಲಿನ ಡಾಕ್ಟರು ಮುದುಕರ ಬೋಳು ವಸಡಿನ ಅಳತೆಗೆ ಅಚ್ಚು ತೆಗೆದು ಕಳಿಸುತ್ತಾರೆ. ಮಾಮ ಅದರೊಳಗೆ ಪ್ಲಾಸ್ಟರು ಕಲಸಿ ಸುರಿದು, ಅದು ಸೆಟ್ ಆಗುವವರೆಗೆ ಒಂದು ಟೀ ಕುಡಿದು, ಬಿಡಿಸಿ ತೆಗೆದರೆ ಯಾರದೋ ಬಾಯಿ ಬೆಳ್ಳಗೆ ಮೇಜಿನ ಮೇಲೆ ಕೂತಿರುತ್ತದೆ. ಅದರ ಮೇಲೆ ಗುಲಾಬಿ ಮೇಣ ಇಟ್ಟು, ಚಾಕು ಕಾಯಿಸಿ, ಒಂದೊಂದೇ ಹಲ್ಲು ನೆಡುತ್ತಾ ಹೋಗಬೇಕು. ಮೇಣದ ಸೆಟ್ಟನ್ನು ಬಾಯಿಗೆ ಇಟ್ಟು ನೋಡಿ ಸರಿ ಅಂದ ಮೇಲೆ ಮೇಣ ಕರಗಿ ಹೋಗಿ ಆ ಜಾಗಕ್ಕೆ ಗಟ್ಟಿ ವಸಡು ಬರುತ್ತದೆ. ಅಲ್ಲಿಯವರೆಗೆ ಏನು ಬೇಕಾದರೂ ತಿದ್ದಬಹುದು. ಆಮೇಲೆ ಬ್ರಹ್ಮ ಬಂದರೂ ಆಗದು.

ಹಳೆಯ ಪ್ಲಾಸ್ಟರಿನ ಬಾಯಿಗಳನ್ನು ಮಾಮ ಎಸೆಯುವುದಿಲ್ಲ. ಸೆಟ್ಟು ಒಡೆದುಕೊಂಡು ಬಂದರೆ ಇನ್ನೊಂದು ಮಾಡಲು ಬೇಕಾಗುತ್ತದೆ ಎನ್ನುವುದು ಲೆಕ್ಕ. ಹಾಗಾಗಿ ಗೋಡೆಯ ಶೆಲ್ಫಿನ ತುಂಬ, ಸೂರಿನವರೆಗೂ, ಬಾಯಿಗಳು. ಅದರಲ್ಲಿ ಅರ್ಧ ಮಂದಿ ಈಗ ಭೂಮಿಯ ಮೇಲೆ ಇಲ್ಲ. ಮದುವೆಯಾದ ಹೊಸತರಲ್ಲಿ ಅವನ ಹೆಂಡತಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತುಬಿಟ್ಟಿದ್ದಳು.

"ಇಷ್ಟು ಜನ ಬಾಯಿ ಬಿಟ್ಕೊಂಡು ನೋಡ್ತಾ ಇದ್ರೆ ನಿಮ್ಮ ಜೊತೆ ಹೇಗ್ರೀ ಮಾತಾಡ್ಲಿ?"

ಅವಳು ಕೆಳಗಿನ ರೇಡಿಯೋ ಅಂಗಡಿಯವರ ಎರಡನೇ ಮಗಳು. ರೇಡಿಯೋ ಸೆಟ್ಟಿನವರ ಹುಡುಗಿಯನ್ನು ಹಲ್ಲುಸೆಟ್ಟಿನವನಿಗೆ ಕೊಟ್ಟರು ಎಂದರೆ ಬೀದಿಯವರು ಬಿಡುತ್ತಾರೆಯೇ? "ಒಳ್ಳೇ ಸೆಟ್ಟು ಬಿಡ್ರಪ್ಪಾ" ಎಂದು ಮದುವೆಯಾಗಿ ವರ್ಷವಾದರೂ ಆಡಿಕೊಂಡರು. ಮಾಮನಿಗೆ ಅದು ಬೈಗುಳದ ಹಾಗೆ ಕೇಳಿಸಲೇ ಇಲ್ಲ. ಮಕ್ಕಳಾಗಲಿಲ್ಲ. ಕೋಣೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ, ಇಬ್ಬರೇ ಇದ್ದರು, ಚೆನ್ನಾಗಿಯೇ ಇದ್ದರು.

ಅವಳಿಗೆ ಒಂದು ಓರೆ ಹಲ್ಲಿತ್ತು. ಮೇಲ್ಸಾಲಿನಲ್ಲಿ, ಎಡಗಡೆ, ನಡುವಿನ ದೊಡ್ಡ ಹಲ್ಲಿನ ಪಕ್ಕದ್ದು. ಸ್ವಲ್ಪ ತಿರುಗಿ ಪಕ್ಕದ ಹಲ್ಲಿನ ಭುಜದ ಮೇಲೆ ಒರಗಿದಂತೆ ನಿಂತಿತ್ತು. ಅದರ ದೆಸೆಯಿಂದ 'ಸ' ಬರುವ ಮಾತುಗಳಲ್ಲಿ ಒಂದು ಸಣ್ಣ ಸೀಟಿ ಸೇರಿಕೊಳ್ಳುತ್ತಿತ್ತು. "ಸರಿ ಬಿಡಿ" ಎನ್ನುವುದು ಅವಳ ಬಾಯಿಗೆ ಅಂಟಿದ ಮಾತು; ಜಗಳ ಮುಗಿಸುವುದಕ್ಕೂ ಅದೇ, ಕಾಫಿಗೆ ಸಕ್ಕರೆ ಇಲ್ಲ ಅಂದರೂ ಅದೇ. ಆ ಹಲ್ಲು ಅಂದರೆ ಅವಳಿಗೆ ಪ್ರಾಣಸಂಕಟ. ನಗು ಬಂದ ಕೂಡಲೇ ಕೈ ಬಾಯಿಗೆ ಹೋಗುತ್ತಿತ್ತು. ಫೋಟೋದವನು ಎಷ್ಟು ಬೇಡಿಕೊಂಡರೂ ತುಟಿ ಬಿಚ್ಚುತ್ತಿರಲಿಲ್ಲ.

ಆದರೆ ಕೈ ಎರಡೂ ಕೆಲಸದಲ್ಲಿ ಸಿಕ್ಕಿಕೊಂಡಿದ್ದಾಗ? ಅದನ್ನು ಮಾಮ ಬಹಳ ಬೇಗ ಕಂಡುಹಿಡಿದುಕೊಂಡ. ಒಣಗಿದ ಹೊದಿಕೆ ಮಡಿಸುವಾಗ ಇಬ್ಬರು ಬೇಕು, ಒಬ್ಬೊಬ್ಬರು ಎರಡೆರಡು ತುದಿ ಹಿಡಿಯಬೇಕು. ಆ ಹೊತ್ತಿಗೆ ಸರಿಯಾಗಿ ಮಾಮ ಏನಾದರೊಂದು ಹರಟೆ ಬಿಡುತ್ತಿದ್ದ. ಅವಳು ತುದಿ ಬಿಟ್ಟರೆ ಒಗೆದದ್ದು ನೆಲಕ್ಕೆ ಬೀಳುತ್ತದೆ, ಬಿಡದಿದ್ದರೆ ಹಲ್ಲು ಕಾಣುತ್ತದೆ. "ಅಯ್ಯೋ ಸಾಕು ನಿಲ್ಲಿಸ್ರೀ" ಎನ್ನುತ್ತಾ ಬಾಯಿ ತುಂಬ ನಗುತ್ತಿದ್ದಳು. ಮನೆಯಲ್ಲಿ ಒಂದು ಲೋಟ ಎತ್ತಿಡದ ಗಂಡ ಹೊದಿಕೆ ಮಡಿಸುವುದಕ್ಕೆ ಮಾತ್ರ ಯಾಕೆ ಓಡಿ ಬರುತ್ತಾನೆ ಎಂದು ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ.

"ಡಾಕ್ಟ್ರಿಗೆ ಹೇಳಿ ಇದನ್ನ ಕೀಳಿಸಿಬಿಡಿ. ನೀವು ಅಲ್ಲಿಗೊಂದು ನೆಟ್ಟಗಿರೋದು ಸೆಟ್ ಮಾಡಿಕೊಡಿ. ಊರಿಗೆಲ್ಲ ಮಾಡ್ತೀರಿ, ನಂದೊಂದು ಹಲ್ಲು ಹೆಚ್ಚಾಯ್ತಾ?" ಎಂದು ಅವಳು ಕೇಳುತ್ತಲೇ ಇದ್ದಳು.

"ನಾಳೆ ಮಾಡೋಣ ಬಿಡು," ಎನ್ನುತ್ತಿದ್ದ ಮಾಮ.

"ಸರಿ ಬಿಡಿ," ಎನ್ನುತ್ತಿದ್ದಳು ಅವಳು.

ಒಂದು ಮಧ್ಯಾಹ್ನ ಬಟ್ಟೆ ಒಣಹಾಕಿ ಒಳಗೆ ಬಂದವಳು ಕುರ್ಚಿಯಲ್ಲಿ ಕೂತಳು, ಮತ್ತೆ ಏಳಲಿಲ್ಲ. ಎದೆ ನಿಂತುಹೋಗಿತ್ತು. ಎಲ್ಲ ಮುಗಿದ ಮೇಲೆ ದೊಡ್ಡದು ಮಾಡಿಸಲೆಂದು ಫೋಟೋ ಹುಡುಕಿದರೆ ಮನೆಯಲ್ಲಿದ್ದ ಅಷ್ಟೂ ಫೋಟೋಗಳಲ್ಲಿ ಅವಳು ಬಾಯಿ ಮುಚ್ಚಿಕೊಂಡೇ ಇದ್ದಳು. ನಗುವ ಒಂದೇ ಒಂದು ಮುಖ ಇರಲಿಲ್ಲ. ಮಾಮ ಫೋಟೋ ಡಬ್ಬಿ ಮುಚ್ಚಿ ಮೇಲಿಟ್ಟ. ಹೊದಿಕೆಗಳನ್ನು ಅಂಗಡಿಗೆ ಒಗೆಯಲು ಕೊಡತೊಡಗಿದ, ಅವರೇ ಮಡಿಸಿ ಕೊಡುತ್ತಾರೆ ಎಂದು. ಮನೆಗೆ ಹೋಗಲು ಮನಸ್ಸಾಗದೆ ಬೆಳಗಿನಿಂದ ಸಂಜೆಯವರೆಗೆ ಮೇಣದ ಮುಂದೆ ಕೂತ. ಡಾಕ್ಟರಿಗೆ ಸಂತೋಷವಾಯಿತು, ಇಷ್ಟು ಚುರುಕಾಗಿ ಸೆಟ್ಟುಗಳು ಯಾವತ್ತೂ ಬಂದಿರಲಿಲ್ಲ.

ಮೊದಲು ಹೆದರಿಸಿದವನು ಡ್ರೈವರು. ಬಸ್ಸು ಓಡಿಸಿ ರಿಟೈರಾದ ದಪ್ಪ ಕುತ್ತಿಗೆಯ ಮನುಷ್ಯ, ಹಾರನ್ನಿನಂಥ ಗಂಟಲು. ಹೊಸ ಸೆಟ್ಟು ಹಾಕಿಸಿಕೊಂಡವನು ಖುಷಿಗೆ ಮೆಟ್ಟಿಲು ಹತ್ತಿ ತೋರಿಸಲು ಬಂದಿದ್ದ. ಮಾಮ ಕಿಟಕಿಯ ಕಡೆ ತಿರುಗಿ ಕೈ ತೊಳೆಯುತ್ತಾ, "ಮೊದಲು ಒಂದೆರಡು ವಾರ ಮೆತ್ತಗಿರೋದು ತಿನ್ನಿ," ಎಂದ.

"ಸರಿ ಬಿಡಿ," ಎಂದಿತು ಹಿಂದಿನಿಂದ ಒಂದು ದನಿ. ಗಂಟಲು ಡ್ರೈವರನದೇ. ಸೀಟಿ ಮಾತ್ರ ಅವಳದು.

ಮಾಮ ತಿರುಗಿ ನೋಡಲಿಲ್ಲ. ನಲ್ಲಿ ಹರಿಯುತ್ತಲೇ ಇತ್ತು. ತನಗೆ ತಲೆ ಕೆಡುತ್ತಿದೆ, ನಿದ್ದೆ ಸಾಲುತ್ತಿಲ್ಲ ಎಂದುಕೊಂಡ. ಕೆಲಸ ಮಾಡುವಾಗ ಹಾಕಿಕೊಳ್ಳುವ ಕನ್ನಡಕ ಬದಲಾಯಿಸಿದ, ಅದರಿಂದೇನಾಗಬೇಕು?

ಆಮೇಲಿನ ವಾರ ಡಾಕ್ಟರ ಕ್ಲಿನಿಕ್ಕಿಗೆ ಸೆಟ್ಟು ತಲುಪಿಸಲು ಹೋದ. ಬೆಂಚಿನ ಮೇಲೆ ಮೂವರು ಕಾಯುತ್ತಿದ್ದರು: ಡ್ರೈವರು, ಇಸ್ತ್ರಿ ಅಂಗಡಿಯ ಅಜ್ಜಿ, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದ ಒಬ್ಬ ಕಡ್ಡಿ ಮನುಷ್ಯ. ಮೂವರದೂ ಹೊಸ ಹಲ್ಲು, ಒಮ್ಮೆ ತೋರಿಸಿಕೊಂಡು ಹೋಗಲು ಬಂದವರು. ಡ್ರೈವರು ಏನೋ ತಮಾಷೆ ಮಾಡಿದ. ಮೂವರೂ ಒಟ್ಟಿಗೆ ನಕ್ಕರು. ಮೂರು ಮುಖ, ನಗು ಒಂದೇ. ಎಡಗಡೆಯ ಎರಡನೇ ಹಲ್ಲು ಮೂವರಲ್ಲೂ ಪಕ್ಕದ ಹಲ್ಲಿನ ಮೇಲೆ ಒರಗಿ ನಿಂತಿತ್ತು. ಮಾಮನ ಕೈಯಲ್ಲಿದ್ದ ಪೊಟ್ಟಣ ಅಲ್ಲೇ ಬಿತ್ತು.

ಅಂದು ಕೋಣೆಗೆ ಬಂದವನು ಮೇಜಿನ ಮೇಲಿದ್ದ ಎಲ್ಲ ಮೇಣದ ಸೆಟ್ಟುಗಳನ್ನೂ ಕಿಟಕಿಯ ಬೆಳಕಿಗೆ ಸಾಲಾಗಿ ಇಟ್ಟ. ಯಾರ ಯಾರದೋ ಬಾಯಿಗಳು. ಒಂದರ ಅಳತೆಗೂ ಇನ್ನೊಂದಕ್ಕೂ ಸಂಬಂಧವಿಲ್ಲ. ಆದರೆ ಓರೆ ಎಲ್ಲದರಲ್ಲೂ ಇತ್ತು. ಕಣ್ಣು ಬೇರೆ ಕಡೆ ಇದ್ದಾಗ ಕೈಯೇ ಮಾಡಿದ ಕೆಲಸ. ಮಾಮ ಕುರ್ಚಿ ಎಳೆದುಕೊಂಡು ಕೂತ. ಒಂದು ಸೆಟ್ಟು ಎತ್ತಿಕೊಂಡ, ಚಾಕು ಕಾಯಿಸಿದ, ಹಲ್ಲನ್ನು ತಿರುಗಿಸಿ ಅಳತೆಗೋಲು ಹಿಡಿದು ನೆಟ್ಟಗೆ ಮಾಡಿದ, ಬಾಗಿಲಿಗೆ ಬೀಗ ಹಾಕಿ ಮನೆಗೆ ಹೋದ. ಬೆಳಿಗ್ಗೆ ಬಂದು ನೋಡಿದರೆ ಹಲ್ಲು ಮತ್ತೆ ಓರೆಯಾಗಿತ್ತು.

ಮೇಣಕ್ಕೆ ಹಾಗೊಂದು ಗುಣವಿದೆ ಎನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಕಾಯಿಸಿ ತಿರುಗಿಸಿದ ಮೇಣ ಪೂರ್ತಿ ತಣಿಯುವ ಮೊದಲು ಕೈಬಿಟ್ಟರೆ ಹಳೆಯ ಜಾಗಕ್ಕೆ ಮೆಲ್ಲನೆ ಸರಿಯುತ್ತದೆ. ಕಸುಬು ಕಲಿಸಿದ ಗುರು ಮೊದಲ ದಿನವೇ ಹೇಳಿಕೊಟ್ಟಿದ್ದ. ಇದು ಅದೇ, ಮೇಣದ್ದೇ ಕೆಲಸ ಎಂದು ಮಾಮ ಗಟ್ಟಿಯಾಗಿ ಹೇಳಿಕೊಂಡ. ಶೆಲ್ಫಿನ ಬಾಯಿಗಳು ಕೇಳಿಸಿಕೊಂಡವು. ಆದರೆ ಮೇಣ ಹಳೆಯ ಜಾಗಕ್ಕೆ ಹೋಗುವುದು ನಿಜವಾದರೂ ಆ ಹಳೆಯ ಜಾಗ ಇಟ್ಟವರು ಯಾರು?

ಹೆದರಿಕೆ ಎಷ್ಟು ದಿನ ಇರುತ್ತದೆ? ಅದಕ್ಕೂ ಮನುಷ್ಯ ಸೆಟ್ ಆಗಿಬಿಡುತ್ತಾನೆ. ಸ್ವಲ್ಪ ದಿನಕ್ಕೆ ಮಾಮನಿಗೆ ಬೇರೆಯೇ ಚಾಳಿ ಹಿಡಿಯಿತು. ಮೊದಲು ಕೋಣೆ ಬಿಟ್ಟು ಕದಲದವನು ಸಂಜೆಯಾದರೆ ತಿರುಗಾಟಕ್ಕೆ ಹೊರಟ. ಇಸ್ತ್ರಿ ಅಂಗಡಿಯ ಮುಂದೆ ನಿಂತು ಅಜ್ಜಿಯನ್ನು ನಗಿಸುತ್ತಿದ್ದ. ಪಾರ್ಕಿನ ಬೆಂಚಿನಲ್ಲಿ ಕ್ಯಾಷಿಯರನ ಪಕ್ಕ ಕೂತು ಹಳೆಯ ಹರಟೆಗಳನ್ನೆಲ್ಲ ಬಿಚ್ಚುತ್ತಿದ್ದ. ಡ್ರೈವರನ ಹತ್ತಿರ ಏನಾದರೂ ಒಂದು ಕೇಳಿ, ಅವನು "ಸರಿ ಬಿಡಿ" ಅನ್ನುವವರೆಗೆ ಕಾದು, ಅಂದ ಕೂಡಲೇ ಎದ್ದು ಬರುತ್ತಿದ್ದ. ಹೆಂಡತಿ ಸತ್ತ ಮೇಲೆ ಮನುಷ್ಯ ಎಷ್ಟು ಗೆಲುವಾಗಿದ್ದಾನೆ ನೋಡಿ ಎಂದು ಬೀದಿಯವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಎಲ್ಲೋ ಒಬ್ಬಳನ್ನು ಸೆಟ್ ಮಾಡಿಕೊಂಡಿರಬೇಕು ಎಂದೂ ಆಡಿದರು. ಅವರ ಬಾಯಿಗೆ ಬೀಗ ಉಂಟೆ? ಬೇರೆಯವಳ ಹತ್ತಿರ ಹೋಗುವವನ ಹಾಗೆ ತಲೆ ಬಾಚಿಕೊಂಡು ಅವನು ಹೋಗುತ್ತಿದ್ದದ್ದು ತನ್ನ ಹೆಂಡತಿಯನ್ನೇ ನೋಡಲು.

ಆದರೆ ಹೊಟ್ಟೆ ತುಂಬುತ್ತಿರಲಿಲ್ಲ. ಡ್ರೈವರನ ಮೀಸೆಯ ಕೆಳಗೆ ಎಷ್ಟಾದರೂ ಡ್ರೈವರನೇ. ಅಜ್ಜಿಯ ಕೆನ್ನೆ ಒಳಗೆ ಹೋಗಿತ್ತು. ನಗು ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಹಿಡಿಯಲು ಹೋದರೆ ಸಿಗುತ್ತಿರಲಿಲ್ಲ. ಅವನು ಮನೆಗೆ ಬಂದು ಡಬ್ಬಿ ಇಳಿಸಿ, ಬಾಯಿ ಮುಚ್ಚಿದ ಫೋಟೋ ಮುಂದಿಟ್ಟುಕೊಂಡು ನಗುವನ್ನೂ ಮುಖವನ್ನೂ ಜೋಡಿಸಲು ನೋಡುತ್ತಿದ್ದ. ಆಗುತ್ತಿರಲಿಲ್ಲ.

ಅಷ್ಟರಲ್ಲಿ ಡಾಕ್ಟರು ಕರೆಸಿದರು. "ಏನ್ರೀ ಇದು, ನಿಮ್ಮ ಸೆಟ್ ಹಾಕ್ಕೊಂಡೋರೆಲ್ಲ ಒಂದೇ ತಾಯಿ ಮಕ್ಕಳ ಹಾಗೆ ಕಾಣ್ತಾರಲ್ಲ? ಆ ಹಲ್ಲು ನೆಟ್ಟಗಿಡಿ. ಹೀಗೇ ಆದ್ರೆ ನಾನು ಬೇರೆಯವರ ಹತ್ರ ಮಾಡಿಸ್ಬೇಕಾಗತ್ತೆ," ಎಂದು ನಗುನಗುತ್ತಲೇ ಹೇಳಿದರು. ಹೇಳಿ, ಹೊಸ ಅಳತೆಯ ಪೊಟ್ಟಣ ಮುಂದಿಟ್ಟರು. "ಇದು ನಿಮ್ಮ ಮನೆಯವರದ್ದೇ. ನಿಮ್ಮ ನಾದಿನಿ... ಅಲ್ಲ, ನಿಮ್ಮ ಹೆಂಡ್ತಿ ಅಕ್ಕ. ಹಲ್ಲೆಲ್ಲ ಅಲ್ಲಾಡ್ತಿತ್ತು, ಅಷ್ಟೂ ತೆಗೆದಿದೀನಿ."

ಅಕ್ಕ ಎಂದರೆ ಅವನಿಗೂ ಅಕ್ಕನೇ. ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದವಳು, ಈಗಲೂ ಮಾತು ಆರ್ಡರ್ ಕೊಟ್ಟಂತೆ. ತಂಗಿ ಹೋದ ಮೇಲೆ ಮಾಮ ಅವಳ ಮನೆಗೆ ಹೋಗುವುದನ್ನೇ ಬಿಟ್ಟಿದ್ದ. ಕಾರಣ ಬೇರೇನೂ ಇಲ್ಲ, ಅಕ್ಕತಂಗಿಯರದು ಒಂದೇ ಮುಖ. ಅದೇ ಅಗಲದ ಹಣೆ, ಅದೇ ಕೆನ್ನೆ, ಗಲ್ಲದಲ್ಲಿ ಅದೇ ಗುಳಿ. ಹಲ್ಲು ಮಾತ್ರ ಬೇರೆಯಿತ್ತು, ಅಕ್ಕನದು ದೊಡ್ಡ ದೊಡ್ಡ ಗಟ್ಟಿ ಹಲ್ಲು. ಈಗ ಅದೂ ಇಲ್ಲ.

ಪೊಟ್ಟಣ ಹಿಡಿದು ಮಾಮ ಎರಡೆರಡು ಮೆಟ್ಟಿಲು ಹತ್ತಿ ಕೋಣೆಗೆ ಬಂದ. ಇಷ್ಟು ದಿನ ಆದದ್ದು ಕೈ ತಾನಾಗಿ ಮಾಡಿದ್ದು. ಈ ಸಲ ಅವನು ತಿಳಿದೇ ಮಾಡಲು ಕೂತ. ಡಾಕ್ಟರ ಕೆಲಸ ಹೋದರೆ ಹೋಗಲಿ. ಆ ಮುಖದಲ್ಲಿ ಆ ನಗು ಒಂದೇ ಒಂದು ಸಲ ಕಂಡರೆ ಸಾಕು, ಅವಳನ್ನು ಪೂರ್ತಿ ನೋಡಿದ ಹಾಗಾಗುತ್ತದೆ. ಅವನಿಗೆ ಬೇಕಾದದ್ದು ಇಷ್ಟೇ, ಇದಕ್ಕಿಂತ ಹೆಚ್ಚಿಗೆ ಯಾವುದನ್ನೂ ಜೀವನದಲ್ಲಿ ಅವನು ಬಯಸಿರಲಿಲ್ಲ. ಪ್ಲಾಸ್ಟರು ಸುರಿದ. ಮೇಣ ಇಟ್ಟ. ಎಡಗಡೆಯ ಎರಡನೇ ಹಲ್ಲನ್ನು ನೆಡುವಾಗ ಕಣ್ಣು ಮುಚ್ಚಿಕೊಂಡ, ಬೆರಳಿಗೆ ದಾರಿ ಗೊತ್ತಿತ್ತು.

ಅಕ್ಕ ಕ್ಲಿನಿಕ್ಕಿಗೆ ಹೋಗುವವಳಲ್ಲ. "ಆ ಬೆಂಚಲ್ಲಿ ಕಾಯೋಕೆ ನನಗೇನು ಹುಚ್ಚಾ? ನಿನ್ನ ಹತ್ರಾನೇ ಇಟ್ಟು ನೋಡ್ತೀನಿ," ಎಂದು ಬೆಳಿಗ್ಗೆಯೇ ಕೋಣೆಗೆ ಬಂದಳು. ಬಾಯಿ ಬೋಳಾಗಿ ಮಾತು ಸೋರಿ ಹೋಗುತ್ತಿತ್ತು, ಗದರುವಿಕೆ ಹಾಗೇ ಇತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಶೆಲ್ಫನ್ನು ಒಮ್ಮೆ ನೋಡಿ, "ಥೂ, ಇನ್ನೂ ಇವನ್ನೆಲ್ಲ ಇಟ್ಕೊಂಡಿದೀಯಾ?" ಎಂದಳು.

ಮಾಮ ಮೇಣದ ಸೆಟ್ಟನ್ನು ತಣ್ಣೀರಿನಲ್ಲಿ ಅದ್ದಿ ಅವಳ ಬಾಯಿಗೆ ಇಟ್ಟ. "ಮೆಲ್ಲನೆ ಕಚ್ಚಿ," ಅಂದ. ತುಟಿ ತುಂಬಿಕೊಂಡಿತು, ಕೆನ್ನೆ ಎದ್ದು ನಿಂತಿತು. ಮಾಮ ಚಾಕು ಹಿಡಿದೇ ಹಿಂದೆ ಸರಿದು, ಹೊದಿಕೆ ಮಡಿಸುವಾಗ ಹೇಳುತ್ತಿದ್ದ ಒಂದು ಹಳೆಯ ಹರಟೆ ಹೇಳಿದ. ಹಲ್ಲುಸೆಟ್ಟು ಹಾಕಿಕೊಂಡು ಸೀನಿದವನ ಕಥೆ. ಸೆಟ್ಟು ಹಾರಿ ಎದುರಿನವರ ಟೀ ಕಪ್ಪಿಗೆ ಬಿದ್ದದ್ದು, ಅವರು ನೋಡದೆ ಕುಡಿದದ್ದು.

ಅಕ್ಕ ನಕ್ಕಳು.

ಕುರ್ಚಿಯಲ್ಲಿ ಅವನ ಹೆಂಡತಿ ಕೂತಿದ್ದಳು. ಹಣೆ, ಗಲ್ಲದ ಗುಳಿ, ಒರಗಿದ ಹಲ್ಲು, ಎಲ್ಲ ಒಂದೇ ಕಡೆ. ಒಂದಿಷ್ಟು ವಯಸ್ಸಾಗಿದ್ದಳು, ಇದ್ದಿದ್ದರೆ ಆಗುತ್ತಿದ್ದಷ್ಟೇ. ಕಿಟಕಿಯ ಬಿಸಿಲು ಅವಳ ಮೊಣಕಾಲ ಮೇಲೆ ಬಿದ್ದಿತ್ತು. ಮಾಮ ಉಸಿರು ಬಿಡಲಿಲ್ಲ, ಬಿಟ್ಟರೆ ಎದ್ದು ಹೋಗಿಬಿಡುತ್ತಾಳೆ ಎನ್ನುವ ಹಾಗೆ.

"ಕನ್ನಡಿ ಕೊಡು ಇಲ್ಲಿ," ಎಂದಳು. 

ಕೊಟ್ಟ. ಅವಳು ಕನ್ನಡಿಯಲ್ಲಿ ನೋಡಿಕೊಂಡಳು. ನೋಡಿದ್ದೇ ತಡ, ಅವಳ ಬಲಗೈ ಮಡಿಲಿನಿಂದ ಎದ್ದು ಬಾಯಿಗೆ ಅಡ್ಡ ಬಂತು. ಅಕ್ಕ ಜನ್ಮದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕವಳಲ್ಲ. ಆ ಕೈ ಅವಳದಾಗಿರಲಿಲ್ಲ.

"ಇದು ಅವಳ ಹಲ್ಲು," ಎಂದಳು ಕೈಯ ಹಿಂದಿನಿಂದ. "ನನ್ನ ಬಾಯಲ್ಲಿ ಯಾಕೆ ತಂದಿಟ್ಟೆ?"

"ಒಂದ್ಸಲ ನೋಡ್ಬೇಕು ಅನ್ನಿಸ್ತು ಅಕ್ಕ."

"ಏನು ನೋಡ್ಬೇಕು ಅನ್ನಿಸ್ತು? ಈ ಹಲ್ಲಿಗೋಸ್ಕರ ಅವಳೆಷ್ಟು ಅತ್ತಿದಾಳೆ ಗೊತ್ತಾ ನಿನಗೆ? ನೆಟ್ಟಗೆ ಮಾಡಿಕೊಡಿ ಅಂತ ಎಷ್ಟು ಸಲ ಕೇಳಿಲ್ಲ ಅವಳು?"

"ನನಗದು ತುಂಬಾ ಇಷ್ಟ ಇತ್ತು ಅಕ್ಕ," ಎಂದ ಮಾಮ. ಆ ಮಾತನ್ನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. "ಅವಳ ಮುಖದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಅದೇ. ಕೀಳಿಸೋಕೆ ಮನಸ್ಸು ಬರ್ಲಿಲ್ಲ. ಅದಕ್ಕೇ ನಾಳೆ ನಾಳೆ ಅಂತ ತಳ್ಳಿದ್ದು."

ಅಕ್ಕ ಕೈ ಕೆಳಗಿಳಿಸದೆ ಅವನನ್ನೇ ನೋಡಿದಳು. ಗದರುವಿಕೆ ಇಳಿದಿತ್ತು.

"ಇದನ್ನ ಅವಳಿಗೆ ಹೇಳಿದ್ಯಾ?"

ಶೆಲ್ಫಿನ ತುಂಬ ಬಾಯಿಗಳು ತೆರೆದುಕೊಂಡಿದ್ದವು. ಒಂದಾದರೂ ಅವನ ಪರವಾಗಿ ಮಾತಾಡಲಿಲ್ಲ.

"ಅವಳು ಏನಂತಿದ್ಲು ಗೊತ್ತಾ?" ಎಂದಳು ಅಕ್ಕ. "ಊರವರ ಬಾಯಿಗೆಲ್ಲ ಇವರಿಗೆ ಪುರುಸೊತ್ತಿದೆ, ನನ್ನ ಬಾಯಿಗೆ ಮಾತ್ರ ಇಲ್ಲ ಅಕ್ಕ ಅಂತಿದ್ಲು. ಹೋಗೋ ಮೊದಲು ನಮ್ಮನೆಗೆ ಬಂದಿದ್ಲಲ್ಲ, ಆವತ್ತೂ ಅಂದ್ಲು. ಅಂದು, ಸರಿ ಬಿಡು ಅಂತ ಎದ್ದು ಹೋದ್ಲು."

ಮಾಮನಿಗೆ ಕಣ್ಣೀರು ಸುಮ್ಮನೆ ಇಳಿಯಿತು, ಒರೆಸಿಕೊಳ್ಳಲು ಹೋಗಲಿಲ್ಲ. ಅವಳ ನಗು ತನಗೆ ಗೊತ್ತು, ತನಗೊಬ್ಬನಿಗೇ ಗೊತ್ತು ಎಂದುಕೊಂಡು ಇಷ್ಟು ದಿನ ಬೀದಿ ಬೀದಿ ತಿರುಗಿದ್ದ. ಆ ನಗುವಿನ ಹಿಂದೆ ಅವಳು ಹೊದಿಕೆಯ ತುದಿ ಬಿಡಲಾರದೆ ಸಿಕ್ಕಿಬಿದ್ದು ನೋಯುತ್ತಿದ್ದಳು ಎನ್ನುವುದು ಗೊತ್ತಿರಲಿಲ್ಲ. ಈಗ ಸತ್ತ ಮೇಲೂ ಬಿಡದೆ ಅವಳು ನಾಚಿಕೊಂಡದ್ದನ್ನೇ ಊರಿನವರ ಬಾಯಿಗಳಲ್ಲಿ ಮೆರವಣಿಗೆ ಮಾಡಿಸಿದ್ದ.

"ಬಿಚ್ಚಿ ಕೊಡಿ ಅಕ್ಕ," ಎಂದ.

ದೀಪ ಹೊತ್ತಿಸಿದ. ಚಾಕು ಕಾಯಿಸಿ ಹಲ್ಲಿನ ಬುಡದ ಮೇಣವನ್ನು ಸುತ್ತಲೂ ಸಡಿಲಿಸಿದ. ಒರಗಿದ್ದ ಹಲ್ಲನ್ನು ಹೆಬ್ಬೆರಳಿನಿಂದ ಮೆಲ್ಲನೆ ತಿರುಗಿಸಿದ. ಅದು ಹಳೆಯ ಜಾಗಕ್ಕೆ ಹೋಗಲು ನೋಡಿತು. ಬೆರಳ ಕೆಳಗೆ ಆ ಎಳೆತ ಅವನಿಗೆ ತಿಳಿಯಿತು, ಯಾರೋ ಕೈ ಹಿಡಿದು ಎಳೆದ ಹಾಗೆ. ಈ ಸಲ ಅವನು ಬಿಡಲಿಲ್ಲ. ಹಲ್ಲನ್ನು ಒತ್ತಿ ಹಿಡಿದೇ ಬಟ್ಟಲಿನ ತಣ್ಣೀರಿನಲ್ಲಿ ಮುಳುಗಿಸಿದ. ಕೈ ಮರಗಟ್ಟಿತು. ಮೇಣ ಪೂರ್ತಿ ಸೆಟ್ ಆಗುವವರೆಗೆ ಬೆರಳು ತೆಗೆಯಲಿಲ್ಲ.

ಅಕ್ಕ ಮತ್ತೆ ಬಾಯಿಗಿಟ್ಟುಕೊಂಡಳು, ಮತ್ತೆ ಕನ್ನಡಿ ಹಿಡಿದಳು. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ನೋಡಿಕೊಂಡಳು.

"ಈಗ ಸೆಟ್ ಆಯ್ತು ನೋಡು," ಎಂದು ಬಾಯಿ ತುಂಬ ನಕ್ಕಳು.

ಅದೇ ಹಣೆ, ಅದೇ ಗಲ್ಲ, ನೆಟ್ಟಗಿನ ಹಲ್ಲಿನ ಸಾಲು. ಹೀಗೆ ಕಾಣಬೇಕು ಎಂದು ಹೆಂಡತಿ ವರ್ಷಗಟ್ಟಲೆ ಕೇಳಿದ್ದಳು. ಹೀಗೆ ನಗುವವಳನ್ನು ಮಾಮ ಒಂದು ದಿನವೂ ನೋಡಿರಲಿಲ್ಲ. ಅವನು ಅಕ್ಕನ ಮುಖ ಬಿಟ್ಟು ಬಲಗೈಯನ್ನೇ ನೋಡುತ್ತಾ ನಿಂತ. ಅದು ಮಡಿಲಿನ ಬಿಸಿಲಿನಲ್ಲಿ ಸುಮ್ಮನೆ ಇತ್ತು, ಏಳಲಿಲ್ಲ. ಹೆಂಡತಿ ಕೇಳಿದ್ದು ಒಂದು ಮಧ್ಯಾಹ್ನದ ಕೆಲಸವಾಗಿತ್ತು, ಅಷ್ಟೇ.